ನಡುಗಡ್ಡೆಯೂ ತಡೆಬಿಡಾರವೂ

ಸಾಂಕ್ರಾಮಿಕ ರೋಗಗಳು ಹಬ್ಬಿದಾಗ ಜನರ ಗಮನಾಗಮನವನ್ನು ತಡೆಯುವುದಕ್ಕಾಗಿ ಸರಕಾರಗಳು ವಿಧಿಸುತ್ತ ಬಂದಿರುವ ನಿಯಮಗಳ ಚರಿತ್ರೆಯನ್ನು ಕುರಿತು ಈ ಸಂಜೆ ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ. ವೈದ್ಯಶಾಸ್ತ್ರವು ನಮ್ಮ ಕ್ಷೇತ್ರವಲ್ಲ. ಯಾವ ರೋಗಕ್ಕೆ ಯಾವ ಮದ್ದು ಎಂಬ ಜಿಜ್ಞಾಸೆಯನ್ನು ಅದರಲ್ಲಿ ನುರಿತವರಿಗೆ ಬಿಟ್ಟು, ದಾರಿಯನ್ನು ಮುಚ್ಚಿದವರು ಯಾರು, ಮುಚ್ಚಿದ ದಾರಿಯ ಬಳಿ ನಿಂತುಹೋದವನಿಗೆ ಅನ್ನವಿಕ್ಕಿದವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಮಾತ್ರ ಕೈಯಲ್ಲಿ ಹಿಡಿದು ಹೊರಡುತ್ತೇವೆ. ಈ ಪ್ರಶ್ನೆಗಳು ನಡುಗಡ್ಡೆಗಳಲ್ಲಿ ಕಾಣುವಷ್ಟು ಸ್ಫುಟವಾಗಿ ಬೇರೆಲ್ಲಿಯೂ ಕಾಣುವುದಿಲ್ಲ. ಆದಕಾರಣ ನಮ್ಮ ಮಾತೆಲ್ಲ ನೀರಿನಿಂದ ಸುತ್ತುವರಿದ ನೆಲಗಳ ಸುತ್ತಲೇ ಸುಳಿಯುವುದು.

ನಡುಗಡ್ಡೆಯೆಂದೊಡನೆ ದೂರದ ಸಮುದ್ರವನ್ನೇ ನೆನೆಯಬೇಕಾದುದಿಲ್ಲ. ಹುಣಸಗಿಯ ಹೆಸರನ್ನು ಪ್ರಾಗಿತಿಹಾಸದ ಗ್ರಂಥಗಳಲ್ಲಿ ಓದಿದವರು ಹಲವರಿರಬಹುದು. ಆ ಊರಿನ ಕಣಿವೆಯಲ್ಲಿ ಪ್ರೊಫೆಸರ್ ಕೆ. ಪದ್ದಯ್ಯನವರು ದಶಕಗಳ ಕಾಲ ಅಲೆದು ಶಿಲಾಯುಗದ ನೆಲೆಗಳನ್ನು ಹುಡುಕಿ ತೆಗೆದರು. ಅದರ ಸಮೀಪದ ಇಸಾಂಪುರದ ಕಲ್ಲುಕೊಡಲಿಗಳಿಗೆ ಸುಮಾರು ಹನ್ನೆರಡು ಲಕ್ಷ ವರ್ಷಗಳ ಪ್ರಾಯವನ್ನು ವಿದ್ವಾಂಸರು ಹೇಳಿದ್ದಾರೆ. ಆದರೆ ಆ ಸೀಮೆಯ ದಕ್ಷಿಣದ ಅಂಚಿನಲ್ಲಿ ಹರಿಯುವ ಕೃಷ್ಣೆಯ ನಡುವೆ ಈಗಲೂ ಮನುಷ್ಯರು ವಾಸವಾಗಿದ್ದಾರೆಂಬ ಸಂಗತಿ ಪಟ್ಟಣವಾಸಿಗಳಲ್ಲಿ ಎಷ್ಟು ಮಂದಿಗೆ ತಿಳಿದಿದೆಯೋ ನಾವರಿಯೆವು. ನಾರಾಯಣಪುರದ ಕೆಳಗೆ ಕೃಷ್ಣೆಯು ದಖನಿನ ಎತ್ತರದ ಬಯಲನ್ನು ಬಿಟ್ಟು ಕೆಳಗಣ ಸೀಮೆಗೆ ಇಳಿಯುತ್ತಾಳೆ. ಮೂರು ಮೈಲಿಯಷ್ಟು ದೂರದಲ್ಲಿ ಸುಮಾರು 400 ಅಡಿಗಳ ಇಳುಕಲನ್ನು ಅವಳು ಬಂಡೆಯಿಂದ ಬಂಡೆಗೆ ಧುಮುಕಿ ಕಳೆಯುತ್ತಾಳೆಂದು ಹಿಂದಿನ ಗೆಜೆಟಿಯರುಗಳು ವರ್ಣಿಸಿವೆ. ಹೀಗೆ ಸೀಳಿ ಹರಿಯುವ ಹೊಳೆಯ ನಡುನಡುವೆ ನೆಲ ಉಳಿದುಕೊಂಡಿದೆ. ಜಲದುರ್ಗದ ಕೋಟೆಯು ಅಂಥ ನೆಲದ ಮೇಲೆಯೇ ಕಟ್ಟಿದುದು. ಲಿಂಗಸುಗೂರಿನ ಕಡೆಗೆ ಕರಕಲಗಡ್ಡಿ, ಮ್ಯಾದರಗಡ್ಡಿ, ವಂಕಮ್ಮನಗಡ್ಡಿ. ಸುರಪುರದ ಕಡೆಗೆ ಕಕ್ಕೇರಾದ ಬಳಿ ನೀಲಕಂಠರಾಯನಗಡ್ಡಿ. ಇನ್ನೂ ಕೆಳಗೆ ರಾಯಚೂರಿನ ಎದುರಿಗೆ ಕುರ್ವಕಲಾ, ಕುರ್ವಕುರ್ದ, ಕುರವಪುರ. ಮೇಲಿನವೆಲ್ಲ ‘ಗಡ್ಡಿ’ಗಳು, ಕೆಳಗಿನವೆಲ್ಲ ‘ಕುರ್ವ’ಗಳು. ಕುರುವವೆಂಬುದು ಹೊಳೆಯ ನಡುವಿನ ನೆಲಕ್ಕೆ ಹಳಗನ್ನಡವು ಇಟ್ಟ ಹೆಸರು. ಪುಸ್ತಕದಿಂದ ಮರೆಯಾದ ಮಾತು ಹೊಳೆಯಲ್ಲಿ ಉಳಿದುಕೊಂಡಿದೆ.

ಈ ಗಡ್ಡಿಗಳ ಜನಕ್ಕೆ ವರ್ಷದಲ್ಲಿ ಎರಡು ಕಾಲ. ನೀರು ಇಳಿದಾಗ ಬಂಡೆಗಳ ಮೇಲೆ ನಡೆದೋ ಹರಗೋಲಿನಲ್ಲಿ ಕುಳಿತೋ ಆಚೆಗೆ ಬರಬಹುದು. ನೀರು ಏರಿದಾಗ ಮನೆಯಲ್ಲಿ ಇದ್ದುದನ್ನು ಉಂಡು ಸುಮ್ಮನಿರಬೇಕು. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಪೂರ್ಣವಾದ ಮೇಲೆ ಈ ಎರಡನೆಯ ಕಾಲವು ಮಳೆಗಿಂತಲೂ ಹೆಚ್ಚಾಗಿ ಬಾಗಿಲುಗಳನ್ನು ಎತ್ತುವವರ ಕೈಯಲ್ಲಿ ಸೇರಿತು. ಲಕ್ಷಗಟ್ಟಲೆ ಕ್ಯೂಸೆಕ್ ನೀರು ಬಿಟ್ಟ ದಿನ ಜಲದುರ್ಗಕ್ಕೆ ಹೋಗುವ ಶೀಲಹಳ್ಳಿಯ ಸೇತುವೆ ಮುಳುಗುವುದು, ಗಡ್ಡಿಗಳ ಸಂಪರ್ಕ ಕಡಿಯುವುದು. 2014ರ ಜುಲೈ ತಿಂಗಳ ಕೊನೆಯಲ್ಲಿ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬಳು, ಹೆರಿಗೆಯು ಸುಸೂತ್ರವಾಗಲೆಂಬ ಒಂದೇ ಆಸೆಯಿಂದ, ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು ಬಂಧುಗಳ ನಡುವೆ ಪ್ರವಾಹವನ್ನು ಈಜಿ ಕಕ್ಕೇರಾದ ದಡವನ್ನು ಮುಟ್ಟಿದಳು. ಆ ಸುದ್ದಿ ಪತ್ರಿಕೆಗಳಲ್ಲಿ ಸಾಹಸದ ಕಥೆಯಾಗಿ ಬಂದಿತು. ಅದನ್ನು ಓದಿದವರಲ್ಲಿ ಕೆಲವರಾದರೂ, ದವಾಖಾನೆಯ ಬಾಗಿಲಿಗೆ ಹೋಗಲು ಸಾಹಸ ಏಕೆ ಬೇಕಾಯಿತೆಂದು ಕೇಳಿಕೊಂಡಿರಬೇಕು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ಚರಿತ್ರೆಗೆ ಬರೋಣ. ರೋಗದ ಕಾಲದಲ್ಲಿ ಮನುಷ್ಯನು ದ್ವೀಪವನ್ನು ಎರಡು ಬಗೆಯಾಗಿ ಉಪಯೋಗಿಸಿಕೊಂಡಿದ್ದಾನೆ. ರೋಗವಿರಬಹುದೆಂದು ಶಂಕೆಯುಳ್ಳವರನ್ನು ದ್ವೀಪದಲ್ಲಿ ಕೂಡಿಹಾಕಿ ನಾಡನ್ನು ಕಾಪಾಡಿಕೊಳ್ಳುವುದು ಒಂದು. ದ್ವೀಪದಲ್ಲಿ ಇರುವವರನ್ನು ಕಾಪಾಡುವುದಕ್ಕಾಗಿ ನಾಡಿನವರನ್ನು ಹೊರಗೆ ನಿಲ್ಲಿಸುವುದು ಇನ್ನೊಂದು. ಮೊದಲನೆಯದರಲ್ಲಿ ದ್ವೀಪವು ಸೆರೆಮನೆ, ಎರಡನೆಯದರಲ್ಲಿ ಅದೇ ಕೋಟೆ.

ಮೊದಲನೆಯ ಪದ್ಧತಿಯ ಹುಟ್ಟನ್ನು ನಾವು ದಿನಾಂಕ ಸಹಿತವಾಗಿ ಬಲ್ಲೆವು. ಏಡ್ರಿಯಾಟಿಕ್ ಸಮುದ್ರದ ತೀರದ ರಗೂಸಾ ನಗರವು, ಈಗ ಅದನ್ನು ಡುಬ್ರೋವ್ನಿಕ್ ಎನ್ನುತ್ತಾರೆ, 1377ನೆಯ ಇಸವಿ ಜುಲೈ 27ರಂದು ಒಂದು ಶಾಸನವನ್ನು ಮಾಡಿತು. ಮಹಾಮಾರಿಯುಳ್ಳ ದೇಶದಿಂದ ಬಂದವನು ನಗರವನ್ನು ಪ್ರವೇಶಿಸುವ ಮೊದಲು ಮರ್ಕಾನವೆಂಬ ಬಂಡೆಗಲ್ಲಿನ ಕಿರುದ್ವೀಪದಲ್ಲಿ ಅಥವಾ ನೆರೆಯ ಹಳೆಯ ಪಟ್ಟಣದಲ್ಲಿ ಒಂದು ತಿಂಗಳು ಕಳೆಯಬೇಕು. ಆ ತಿಂಗಳು ಮುಂದೆ ನಲವತ್ತು ದಿವಸಗಳಾಗಿ ಬೆಳೆಯಿತು. ಇಟಲಿಯ ಭಾಷೆಯಲ್ಲಿ ನಲವತ್ತಕ್ಕೆ ‘ಕ್ವಾರಂತಾ’ ಎಂದು ಹೆಸರಾದುದರಿಂದ ‘ಕ್ವಾರಂಟೈನು’ ಎಂಬ ಶಬ್ದ ಹುಟ್ಟಿತು. 1423ರಲ್ಲಿ ವೆನಿಸಿನವರು ತಮ್ಮ ಕೊಳದ ಒಂದು ದ್ವೀಪದಲ್ಲಿ ಇದಕ್ಕಾಗಿಯೇ ಸ್ಥಿರವಾದ ಆಸ್ಪತ್ರೆಯನ್ನು ಕಟ್ಟಿದರು. ಇದೆಲ್ಲ ಸಾಮಾನ್ಯವಾಗಿ ಪುಸ್ತಕಗಳಲ್ಲಿ ದೊರೆಯುವ ಸಂಗತಿ. ನಮ್ಮ ಗಮನವನ್ನು ಸೆಳೆದುದು ಆ ಹಳೆಯ ಶಾಸನದ ಇನ್ನೊಂದು ವಿಧಿ. ಅಧಿಕಾರಿಗಳ ಅಪ್ಪಣೆಯಿಲ್ಲದೆ ಅಲ್ಲಿಗೆ ಅನ್ನಪಾನಾದಿಗಳನ್ನು ಒಯ್ದವನು ತಾನೂ ಅಲ್ಲಿಯೇ ಒಂದು ತಿಂಗಳು ಇರತಕ್ಕದ್ದೆಂದು ಅದು ಹೇಳುತ್ತದೆ. ಕಠಿಣವಾದ ಮಾತೇ ಸರಿ. ಆದರೂ ಮೊಟ್ಟಮೊದಲನೆಯ ತಡೆಯ ಶಾಸನದಲ್ಲಿಯೇ ಊಟದ ಪ್ರಶ್ನೆಯು ಎದ್ದು ನಿಂತಿದೆಯೆಂಬುದನ್ನು ಶ್ರೋತೃಗಳು ಗಮನಿಸಬೇಕು. ತಡೆದು ನಿಲ್ಲಿಸಿದ ಮನುಷ್ಯನು ಮೂರು ಹೊತ್ತು ಹಸಿಯುತ್ತಾನೆ. ಅವನ ಹಸಿವೇ ತಡೆಯನ್ನು ಮುರಿಯುವ ಮೊದಲ ಸಾಧನ.

ನಮ್ಮ ದೇಶದ ಸಮೀಪಕ್ಕೆ ಬಂದರೂ ಇದೇ ಮಾದರಿ ಕಾಣುವುದು. ಲಕ್ಷದ್ವೀಪಗಳ ದಕ್ಷಿಣದ ತುದಿಯಲ್ಲಿರುವ ಮಿನಿಕಾಯ್ ದ್ವೀಪದ ಮಗ್ಗುಲಲ್ಲಿ ವಿರಿಂಗಿಲಿಯೆಂಬ ಒಂದು ತುಣುಕು ನೆಲವಿದೆ. ಇಂಗ್ಲಿಷಿನಲ್ಲಿ ಅದಕ್ಕೆ ಸಿಡುಬಿನ ದ್ವೀಪವೆಂದು ಹೆಸರು. ಕುಷ್ಠರೋಗಿಗಳನ್ನು ಹಿಂದೆ ಅಲ್ಲಿಗೆ ಅಟ್ಟುತ್ತಿದ್ದರು. ದ್ವೀಪದವರೂ ತಮಗೆ ಬೇಡವಾದವರಿಗಾಗಿ ಇನ್ನೊಂದು ದ್ವೀಪವನ್ನು ಹುಡುಕಿಕೊಂಡರೆಂದಾಯಿತು. ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ ತುರ್ಕರ ಸರಕಾರವು 1882ರ ಹೊತ್ತಿಗೆ ತಡೆಬಿಡಾರವೊಂದನ್ನು ತೆರೆಯಿತು. ಮುಂಬಯಿಯಲ್ಲಿ ಹಡಗು ಹತ್ತಿ ಹಜ್ಜಿಗೆ ಹೊರಟ ಯಾತ್ರಿಕರು ಅಲ್ಲಿ ಇಳಿದು ದಿನಗಳನ್ನೆಣಿಸಬೇಕಾಗಿದ್ದಿತು. ಆ ತಡೆಗೆ ತೆರಬೇಕಾದ ಸುಂಕವು ಬಿದ್ದುದೂ ಯಾತ್ರಿಕನ ಗಂಟಿನ ಮೇಲೆಯೇ.

ಎರಡನೆಯ ಪದ್ಧತಿಗೆ, ಎಂದರೆ ದ್ವೀಪವನ್ನೇ ಕೋಟೆಯಾಗಿ ಮಾಡಿಕೊಂಡ ಪದ್ಧತಿಗೆ, ಶಾಂತಸಾಗರದ ಸಮೋವಾ ದ್ವೀಪಗಳ ಉದಾಹರಣೆಗಿಂತ ಸ್ಪಷ್ಟವಾದುದು ಇನ್ನೊಂದಿಲ್ಲ. ಒಂದೇ ಜನಾಂಗ, ಒಂದೇ ಭಾಷೆ, ನಡುವೆ ಕೆಲವು ಗಾವುದಗಳ ಕಡಲು. ಆದರೆ ಪಶ್ಚಿಮದ ಭಾಗವು ನ್ಯೂಜೀಲೆಂಡಿನ ಕೈಯಲ್ಲಿ, ಪೂರ್ವದ ಭಾಗವು ಅಮೆರಿಕದ ನೌಕಾದಳದ ಕೈಯಲ್ಲಿ. 1918ರ ನವೆಂಬರ್ 7ರಂದು ಆಕ್ಲೆಂಡಿನಿಂದ ಹೊರಟ ತಲೂನೆಯೆಂಬ ಹಡಗು ಪಶ್ಚಿಮದ ಅಪಿಯಾ ಬಂದರನ್ನು ಸೇರಿತು. ಹಡಗಿನಲ್ಲಿ ಇನ್‌ಫ್ಲುಯೆಂಜಾ ಇದ್ದಿತು, ಜನರನ್ನು ಇಳಿಯಗೊಟ್ಟರು. ಕೆಲವೇ ವಾರಗಳಲ್ಲಿ ಸುಮಾರು 8,500 ಮಂದಿ, ಎಂದರೆ ಐವರಲ್ಲಿ ಒಬ್ಬರಿಗೂ ಹೆಚ್ಚು, ಮಡಿದರು. ಪೂರ್ವದ ಭಾಗದ ಗವರ್ನರ್ ಜಾನ್ ಪೋಯರನು ಬಂದರನ್ನು ಬಿಗಿಯಾಗಿ ಮುಚ್ಚಿದನು; ಅಲ್ಲಿನ ಜನರೂ ತಮ್ಮ ದಡಗಳನ್ನು ತಾವೇ ಕಾದರು. ಅಲ್ಲಿ ಆ ರೋಗದಿಂದ ಒಬ್ಬರೂ ಸಾಯಲಿಲ್ಲ. 2002ರಲ್ಲಿ ನ್ಯೂಜೀಲೆಂಡಿನ ಪ್ರಧಾನಮಂತ್ರಿಯು ಸಮೋವಾದ ಜನರ ಕ್ಷಮೆಯನ್ನು ಕೋರಬೇಕಾಯಿತು. ಎಂಬತ್ತನಾಲ್ಕು ವರ್ಷಗಳು ಕಳೆದರೂ ಆ ಹಡಗನ್ನು ಯಾರೂ ಮರೆತಿರಲಿಲ್ಲ.

ನಮ್ಮ ಲಕ್ಷದ್ವೀಪಗಳು ಇದಕ್ಕೆ ಸಾಟಿಯಾಗಿ ನಿಲ್ಲುವ ಇನ್ನೊಂದು ಉದಾಹರಣೆ. ಕನ್ನಡಿಗರಿಗೆ ಅವು ಕೇವಲ ಪರದೇಶವಲ್ಲ. ಹದಿನೆಂಟನೆಯ ಶತಮಾನದ ಕೊನೆಯಿಂದ 1956ರವರೆಗೆ ಅಮಿನಿ, ಕಡಮತ, ಕಿಲ್ತಾನ, ಚೆತ್ಲತ, ಬಿತ್ರ ಎಂಬ ಉತ್ತರದ ದ್ವೀಪಗಳು ದಕ್ಷಿಣ ಕನ್ನಡದ ಕಲೆಕ್ಟರರ ಆಡಳಿತಕ್ಕೆ ಒಳಪಟ್ಟಿದ್ದುವು. ಆ ಜನರು ನಾರನ್ನು ಹೊತ್ತ ಹಾಯಿಹಡಗುಗಳಲ್ಲಿ ಮಂಗಳೂರಿಗೆ ಬಂದು ಅಕ್ಕಿಯನ್ನು ಒಯ್ಯುತ್ತಿದ್ದರು. ಮಳೆಗಾಲದಲ್ಲಿ ಕಡಲು ಮುಚ್ಚಿದರೆ ಅಕ್ಕಿಯೂ ಮುಚ್ಚಿದಂತೆ. ದೇವರು ಕೊಟ್ಟ ತಡೆಯೊಂದು ಮೊದಲೇ ಇದ್ದ ಜನರಿಗೆ 2020ರಲ್ಲಿ ಮನುಷ್ಯರು ಮಾಡಿದ ತಡೆಯು ಹೊಸತಾಗಿ ಕಾಣದೆ ಇದ್ದಿರಬಹುದು. ಆ ವರ್ಷ ಕೊರೋನಾ ಮಹಾಮಾರಿಯು ಹಬ್ಬುತ್ತಿರಲು ದ್ವೀಪಾಡಳಿತವು ಒಂದು ಕಟ್ಟಳೆಯನ್ನು ಮಾಡಿತು. ದ್ವೀಪಕ್ಕೆ ಹೋಗತಕ್ಕವನು, ಅವನು ಕೂಲಿಯವನಾಗಲಿ, ದೊಡ್ಡ ಅಧಿಕಾರಿಯಾಗಲಿ, ಲೋಕಸಭೆಯ ಸದಸ್ಯನೇ ಆಗಲಿ, ಕೊಚ್ಚಿಯಲ್ಲಿ ಏಳು ದಿವಸ ತಡೆದು ನಿಂತು, ಪರೀಕ್ಷೆಯಲ್ಲಿ ರೋಗವಿಲ್ಲವೆಂದು ತಿಳಿದ ಮೇಲೆಯೇ ಹಡಗು ಹತ್ತಬೇಕು. ದ್ವೀಪವನ್ನು ಸೇರಿದ ಬಳಿಕವೂ ಇನ್ನು ಕೆಲವು ದಿನ ಪ್ರತ್ಯೇಕವಾಗಿರಬೇಕು. ಕೊಚ್ಚಿಯಲ್ಲಿ ಉಳಿಯುವುದಕ್ಕೆ ಬೇಕಾದ ವಸತಿಯನ್ನು ಆಡಳಿತವೇ ಏರ್ಪಡಿಸಿದ್ದಿತು. 2011ರ ಜನಗಣತಿಯಂತೆ 64,473 ಮಂದಿಯಿದ್ದ ಆ ನಾಡಿನಲ್ಲಿ 2020ನೆಯ ಇಸವಿ ಪೂರ್ತಿ ಒಬ್ಬನಿಗೂ ರೋಗ ತಗಲಲಿಲ್ಲ. ಇಡೀ ಹಿಂದೂಸ್ಥಾನದಲ್ಲಿ ಹಾಗೆ ಉಳಿದ ಆಡಳಿತ ಪ್ರಾಂತವು ಅದೊಂದೇ.

ಅದೇ ವರ್ಷದ ಡಿಸೆಂಬರಿನಲ್ಲಿ ಕಟ್ಟಳೆ ಸಡಿಲವಾಯಿತು. ಏಳು ದಿವಸಗಳ ತಡೆಯನ್ನು ಬಿಟ್ಟು, ಪ್ರಯಾಣಕ್ಕೆ ಮುನ್ನ 48 ಗಂಟೆಗಳೊಳಗಿನ ಪರೀಕ್ಷಾಪತ್ರವೊಂದಿದ್ದರೆ ಸಾಕೆಂದಾಯಿತು. 2021ರ ಜನವರಿ 18ರಂದು ಮೊದಲನೆಯ ರೋಗಿ ಕಂಡುಬಂದನು. ಆತನು ಆ ತಿಂಗಳ ಮೊದಲ ವಾರದಲ್ಲಿ ಕೊಚ್ಚಿಯಿಂದ ಹಡಗಿನಲ್ಲಿ ಬಂದಿದ್ದವನು. ಮೇ ತಿಂಗಳು ಮುಗಿಯುವುದರೊಳಗೆ ರೋಗಿಗಳ ಎಣಿಕೆ ಆರು ಸಾವಿರವನ್ನು ದಾಟಿತು. ದೇಶದಲ್ಲಿ ಆಗ ಎದ್ದ ಎರಡನೆಯ ಅಲೆಯು ಬಲವಾಗಿದ್ದಿತೆಂಬುದೂ, ಒಂದಲ್ಲ ಒಂದು ದಿನ ಕಡಲನ್ನು ತೆರೆಯಲೇಬೇಕಾಗಿದ್ದಿತೆಂಬುದೂ ನಿಜ. ಆದರೂ ಒಂದು ಕಾಗದದ ಚೂರು ಏಳು ದಿವಸಗಳ ಕೆಲಸವನ್ನು ಮಾಡಲಾರದೆಂಬುದನ್ನು ಅರಿಯಲು ಹೆಚ್ಚು ಕಾಲ ಬೇಕಾಗಲಿಲ್ಲ.

ಮೊದಲಿನ ಕಟ್ಟಳೆಯು ಏಕೆ ನಡೆಯಿತು? ದ್ವೀಪಕ್ಕೆ ಹೋಗುವ ದಾರಿಗಳು ಕೆಲವೇ, ಅವನ್ನು ಕಾಯುವುದು ಸುಲಭ ಎಂದು ಥಟ್ಟನೆ ಹೇಳಬಹುದು. ಆ ಉತ್ತರ ಸುಳ್ಳಲ್ಲ, ಆದರೆ ಅರ್ಧ. ತಡೆದವರು ತಡೆಯಲ್ಪಟ್ಟವರ ಭಾರವನ್ನು ಹೊತ್ತರು; ತಡೆಯು ಎಲ್ಲರಿಗೂ ಒಂದೇ ಆಗಿದ್ದಿತು; ತಡೆಯ ಕೊನೆಯ ದಿವಸ ಯಾವುದೆಂಬುದು ಮೊದಲನೆಯ ದಿವಸವೇ ತಿಳಿದಿದ್ದಿತು. ಈ ಮೂರೂ ಕೂಡಿದುದರಿಂದ ಜನರು ಅದನ್ನು ತಮ್ಮದೆಂದು ಒಪ್ಪಿಕೊಂಡರೆಂದು ನಾವು ಭಾವಿಸುತ್ತೇವೆ.

ಇನ್ನು ನಮ್ಮ ಹೊಳೆಗೆ ಹಿಂದಿರುಗೋಣ. ಸುರಪುರ, ಶಹಾಪುರ, ಹುಣಸಗಿಗಳ ಸೀಮೆಯು ದಕ್ಷಿಣಕ್ಕೆ ಕೃಷ್ಣೆ, ಉತ್ತರಕ್ಕೆ ಭೀಮೆ, ಇವೆರಡರ ನಡುವೆ ಸಿಕ್ಕಿಕೊಂಡ ನೆಲ. ಪೂರ್ವದಲ್ಲಿ ಈ ಎರಡು ಹೊಳೆಗಳೂ ಕೂಡಿಕೊಳ್ಳುವುದರಿಂದ ಮಳೆಗಾಲದಲ್ಲಿ ಇದು ಮುಕ್ಕಾಲು ದ್ವೀಪವೇ. ಬೇಡರ ನಾಯಕರ ಸಂಸ್ಥಾನವು ಇಷ್ಟು ದೀರ್ಘಕಾಲ ಬಾಳಿದುದಕ್ಕೆ ಈ ನೀರೂ ಒಂದು ಕಾರಣವೆನ್ನಬಹುದು. 1841ರಿಂದ 1853ರವರೆಗೆ ಇಲ್ಲಿ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನ ಕಾಲದಲ್ಲಿ ಹೊರಗಿನ ಲೋಕವು ಇಲ್ಲಿಗೆ ಕುದುರೆಯ ಮೇಲೆ ಅಥವಾ ಮೇಣೆಯಲ್ಲಿ ಬರುತ್ತಿದ್ದಿತು. ರೋಗವೂ ಅಷ್ಟೇ ನಿಧಾನವಾಗಿ ಬರುತ್ತಿದ್ದಿತು. 1871ರಲ್ಲಿ ಮುಂಬಯಿಯ ರೈಲು ಗುಲಬರ್ಗಾ, ವಾಡಿ, ಯಾದಗಿರಿಗಳನ್ನು ದಾಟಿ ರಾಯಚೂರನ್ನು ಸೇರಿ ಮದರಾಸಿನ ದಾರಿಯೊಡನೆ ಕೂಡಿಕೊಂಡಿತು. ಅಂದಿನಿಂದ ಮುಂಬಯಿಯಲ್ಲಿ ಆದುದು ಯಾದಗಿರಿಗೆ ತಿಳಿಯಲು ಎರಡು ರಾತ್ರಿಗಳಿಗಿಂತ ಹೆಚ್ಚು ಬೇಕಾಗಲಿಲ್ಲ.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಲಕ್ಷಗಟ್ಟಲೆ ಜನರು ನಗರವನ್ನು ಬಿಟ್ಟು ತಮ್ಮ ತಮ್ಮ ಊರುಗಳ ದಾರಿ ಹಿಡಿದರು. 1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಸರಕಾರವು ಸಾಂಕ್ರಾಮಿಕ ರೋಗಗಳ ಶಾಸನವನ್ನು ಮಾಡಿತು. ಅದು ನಾಲ್ಕೇ ಕಲಮುಗಳ ಬಹಳ ಚಿಕ್ಕ ಕಾಯಿದೆ. ರೈಲಿನ ಪ್ರಯಾಣಿಕರನ್ನು ಪರೀಕ್ಷಿಸುವುದಕ್ಕೂ, ಶಂಕೆಯುಳ್ಳವರನ್ನು ಆಸ್ಪತ್ರೆಗಳಲ್ಲಿ ಅಥವಾ ತಾತ್ಕಾಲಿಕ ಬಿಡಾರಗಳಲ್ಲಿ ಬೇರ್ಪಡಿಸುವುದಕ್ಕೂ ಅದು ಅಧಿಕಾರವನ್ನು ಕೊಟ್ಟಿತು. ಆಗುವ ವೆಚ್ಚವನ್ನು ಯಾರು ಯಾವ ರೀತಿಯಲ್ಲಿ ಭರಿಸತಕ್ಕದ್ದು, ಪರಿಹಾರವೇನಾದರೂ ಇದ್ದರೆ ಅದನ್ನು ಹೇಗೆ ಕೊಡತಕ್ಕದ್ದು ಎಂಬುದನ್ನು ನಿಶ್ಚಯಿಸುವ ಅಧಿಕಾರವೂ ಅದರಲ್ಲಿಯೇ ಇದೆ. ನಿಶ್ಚಯಿಸಬಹುದು ಎಂದಿದೆ, ಭರಿಸಲೇಬೇಕು ಎಂದಿಲ್ಲ. ರಗೂಸಾದ ಪ್ರಶ್ನೆಯು ಐದು ಶತಮಾನಗಳ ಮೇಲೆ ಮುಂಬಯಿಯ ಕಾಯಿದೆಯಲ್ಲಿ ಹೀಗೆ ಅರ್ಧ ವಾಕ್ಯವಾಗಿ ಉಳಿದುಕೊಂಡಿತು.

ಆ ಕಾಯಿದೆಯನ್ನು ನಡೆಸಿದ ಬಗೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ಪುಣೆಯಲ್ಲಿ ಸಿಪಾಯಿಗಳು ಮನೆಗಳನ್ನು ಹೊಕ್ಕರು. 1897ರ ಜೂನ್ 22ರ ರಾತ್ರಿ ಪ್ಲೇಗು ಅಧಿಕಾರಿ ರ‍್ಯಾಂಡನ ಮೇಲೆ ಗುಂಡು ಹಾರಿತು. ಪ್ಲೇಗು ಹುಬ್ಬಳ್ಳಿಗೆ ಬಂದಿತು; ಅಲ್ಲಿ ಹಾಫ್‌ಕಿನ್ನನ ಲಸಿಕೆಯನ್ನು ಸಾವಿರಗಟ್ಟಲೆ ಜನರು ಹಾಕಿಸಿಕೊಂಡರು. 1898ರ ಆಗಸ್ಟಿನಲ್ಲಿ ರೈಲುಮಾರ್ಗವಾಗಿ ಅದು ಬೆಂಗಳೂರನ್ನು ತಲುಪಿತು. ಮೈಸೂರು ಸರಕಾರವು ವಿ. ಪಿ. ಮಾಧವರಾಯರನ್ನು ಪ್ಲೇಗು ಕಮಿಷನರನ್ನಾಗಿ ನೇಮಿಸಿತು. ರಹದಾರಿಗಳು, ತಪಾಸಣೆಗಳು, ಊರ ಹೊರಗಣ ಬಿಡಾರಗಳು ಎಲ್ಲವೂ ಬಂದುವು. ಆ ವರ್ಷದ ನವೆಂಬರಿನಲ್ಲಿ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಈ ಏರ್ಪಾಡುಗಳಿಗೆ ವಿರುದ್ಧವಾಗಿ ಜನರು ದಂಗೆಯೆದ್ದರು. ಅದು ಕಾವೇರಿಯ ನಡುವಣ ದ್ವೀಪ. ಸುತ್ತಲೂ ನೀರು, ನಡುವೆ ಕೋಟೆ. ಕಾಯುವುದಕ್ಕೆ ಅದಕ್ಕಿಂತ ಸುಲಭವಾದ ಸ್ಥಳವನ್ನು ಯಾರೂ ಕೇಳಲಾರರು. ಆದರೂ ನೀರು ಮಾತ್ರದಿಂದ ತಡೆ ನಿಲ್ಲಲಿಲ್ಲ. ತನ್ನ ಮನೆಯವರನ್ನು ಎಲ್ಲಿಗೆ ಒಯ್ಯುತ್ತಾರೆ, ಎಷ್ಟು ದಿವಸ ಇಡುತ್ತಾರೆ, ಸತ್ತರೆ ಸಂಸ್ಕಾರವನ್ನು ಯಾರು ಮಾಡುತ್ತಾರೆ ಎಂಬುದು ತಿಳಿಯದ ಮನುಷ್ಯನು ವೈದ್ಯನನ್ನು ಯಮದೂತನೆಂದೇ ತಿಳಿಯುತ್ತಾನೆ.

ಇಷ್ಟೆಲ್ಲ ನಡೆಯುತ್ತಿದ್ದಾಗ ತಡೆಯಬೇಕಾಗಿದ್ದ ಪ್ರಯಾಣಿಕನು ಬೇರೆಯೇ ಇದ್ದನು. 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೋಂದನೆಂಬ ಫ್ರೆಂಚ್ ವೈದ್ಯನು ಪ್ಲೇಗನ್ನು ಇಲಿಯಿಂದ ಮನುಷ್ಯನಿಗೆ ದಾಟಿಸುವುದು ಚಿಗಟವೆಂದು ತೋರಿಸಿದನು. ಅವನ ಮಾತನ್ನು ಲೋಕವು ನಂಬಲು ಇನ್ನೂ ಹತ್ತು ವರ್ಷಗಳು ಹಿಡಿದುವು. ಅಷ್ಟರವರೆಗೆ ನಿಲ್ದಾಣದಲ್ಲಿ ಮನುಷ್ಯನ ನಾಡಿಯನ್ನು ಹಿಡಿದು ನೋಡುತ್ತಿದ್ದರು. ಧಾನ್ಯದ ಚೀಲದೊಳಗಿದ್ದ ಇಲಿಯು ಯಾವ ರಹದಾರಿಯನ್ನೂ ತೋರಿಸದೆ ಗಾಡಿ ಬದಲಾಯಿಸುತ್ತಿದ್ದಿತು.

ಆದರೆ ಹಳ್ಳಿಯ ಜನರು ಒಂದನ್ನು ಮಾತ್ರ ತಾವಾಗಿಯೇ ಕಂಡುಕೊಂಡಿದ್ದರು. ಮನೆಯಲ್ಲಿ ಇಲಿ ಬಿದ್ದಿತೆಂದರೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವುದು. ಕನ್ನಡ ನಾಡಿನ ಎಷ್ಟೋ ಹಳ್ಳಿಗಳಲ್ಲಿ ಇಡೀ ಊರನ್ನು ತೆರವು ಮಾಡಿ, ಬಾಗಿಲಿಗೆ ಬೇಲಿಯಿಟ್ಟು, ಅಡಿಗೆ ಊಟಗಳನ್ನು ಹೊರಗೇ ಮುಗಿಸುವ ‘ಹೊರಬೀಡು’ ಎಂಬ ಆಚರಣೆಯಿದೆ. ಅದನ್ನು ದೇವಿಯ ಹೆಸರಿನಲ್ಲಿ ಮಾಡುವರೆಂದು ವಿದ್ಯಾವಂತರಾದ ನಾವು ನಗುವುದುಂಟು. ಪ್ಲೇಗಿನ ವಿಷಯದಲ್ಲಿ ಅದು ಇಲಿಯಿಂದ ಮನುಷ್ಯನನ್ನು ದೂರಮಾಡಿದ ಏರ್ಪಾಡು. ಕಾಯಿದೆ ಮಾಡಿದವರಿಗಿಂತ ಮೊದಲೇ ಅವರು ಸರಿಯಾದ ಸ್ಥಳವನ್ನು ಮುಟ್ಟಿದ್ದರು. ಅಲ್ಲಿ ಬೇರೆಯಾಗಿ ಕೂಡಿಹಾಕಲ್ಪಟ್ಟವನು ಯಾರೂ ಇರಲಿಲ್ಲ. ಗೌಡನೂ ಕುಲಕರ್ಣಿಯೂ ಕೂಲಿಯವನೂ ಊರ ಹೊರಗೇ ಇದ್ದರು. ಹೊಲದ ಜೋಳ ಹತ್ತಿರವಿದ್ದಿತು.

1918ರ ಇನ್‌ಫ್ಲುಯೆಂಜಾಕ್ಕೆ ಇಲ್ಲಿ ಯಾವ ತಡೆಯೂ ಇರಲಿಲ್ಲ. ಅದು ಬಂದ ವೇಗಕ್ಕೆ ತಡೆಯನ್ನು ಯೋಚಿಸುವಷ್ಟು ಹೊತ್ತೂ ಇರಲಿಲ್ಲ. ಮೇಲಾಗಿ ಅದೇ ವರ್ಷ ಮಳೆಯೂ ಕೈಕೊಟ್ಟಿತು. 1911ರಲ್ಲಿ 1,33,74,676 ಇದ್ದ ಹೈದರಾಬಾದ್ ಸಂಸ್ಥಾನದ ಜನಸಂಖ್ಯೆಯು 1921ರಲ್ಲಿ 1,24,71,770 ಆಗಿದ್ದಿತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾದ ಜನ ಒಂಬತ್ತು ಲಕ್ಷದಷ್ಟು ಕಡಿಮೆಯಾದರು. ಸಮೋವಾದ ಗವರ್ನರನು ಮುಚ್ಚಿದ ಬಂದರನ್ನು ನಾವು ಹೊಗಳುವಾಗ, ಸಾವಿರಾರು ಮೈಲಿಗಳ ರೈಲೂ ತೆರೆದ ಬಯಲೂ ಉಳ್ಳ ನಾಡಿಗೆ ಆ ಅನುಕೂಲ ಇರಲಿಲ್ಲವೆಂಬುದನ್ನು ನೆನೆಯುವುದು ನ್ಯಾಯ.

ಇಷ್ಟಾದ ಮೇಲೆ 2020ನೆಯ ವರ್ಷ. ಆ ವರ್ಷದ ಮಾರ್ಚ್ 11ರಂದು ಕರ್ನಾಟಕ ಸರಕಾರವು ಹೊರಡಿಸಿದ ನಿಯಮಾವಳಿಯು 1897ರ ಆ ಹಳೆಯ ಕಾಯಿದೆಯ ಅಧಿಕಾರದಿಂದಲೇ ಹೊರಟುದು. ಅದರ ಹಿಂದಿನ ದಿನ ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡಿದ್ದರು. ಕೊರೋನಾದಿಂದ ದೇಶದಲ್ಲಿ ಆದ ಮೊದಲನೆಯ ಮರಣ ಅದೆಂದು 12ರಂದು ಖಚಿತವಾಯಿತು. ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತು. ಹಳ್ಳಿಹಳ್ಳಿಗಳ ದಾರಿಗೆ ಜಾಲಿಯ ಮುಳ್ಳು ಬಿದ್ದಿತು. ಯಾದಗಿರಿ ಜಿಲ್ಲೆಯಲ್ಲಿ ಮೇ ತಿಂಗಳ ಎರಡನೆಯ ವಾರದವರೆಗೆ ಒಬ್ಬ ರೋಗಿಯೂ ಇರಲಿಲ್ಲ. ನೆರೆಯ ಕಲಬುರಗಿಯು ಬೇಯುತ್ತಿರುವಾಗ ಹೊಳೆಗಳ ನಡುವಣ ಈ ಸೀಮೆಯು ದ್ವೀಪದಂತೆ ತಣ್ಣಗೆ ಇದ್ದಿತು.

ಆದರೆ ಅದರ ಮಕ್ಕಳು ಹೊರಗಿದ್ದರು. ಕಾಲುವೆಯ ನೀರು ಹರಿದ ಹೊಲಗಳ ಪಕ್ಕದಲ್ಲಿಯೇ ನೀರು ಮುಟ್ಟದ ಹೊಲಗಳೂ ತಾಂಡಾಗಳೂ ಇವೆ. ಅಲ್ಲಿನವರು ವರ್ಷ ವರ್ಷವೂ ಮುಂಬಯಿ, ಪುಣೆ, ಬೆಂಗಳೂರು, ಹೈದರಾಬಾದುಗಳಿಗೆ ಕಟ್ಟಡದ ಕೆಲಸಕ್ಕಾಗಿ ಗುಳೆ ಹೋಗುವರು. ಅಲ್ಲಿ ಕೆಲಸ ನಿಂತಿತು, ಕೂಲಿ ನಿಂತಿತು. ಮೇ ತಿಂಗಳಲ್ಲಿ ದಾರಿ ತೆರೆದೊಡನೆ ಅವರು ಹಿಂದಿರುಗಿದರು. ಮೇ 12ರಂದು ಯಾದಗಿರಿ ಜಿಲ್ಲೆಯಲ್ಲಿ ಮೊದಲನೆಯ ಎರಡು ಪ್ರಕರಣಗಳು ಕಂಡುಬಂದುವು. ಅವರು ಅಹಮದಾಬಾದಿನಿಂದ ಬಂದಿದ್ದವರು. ಮೇ 18ರಂದು ಸರಕಾರವು ಮಹಾರಾಷ್ಟ್ರ, ಗುಜರಾತ, ತಮಿಳುನಾಡು, ಕೇರಳಗಳಿಂದ ಬರುವವರನ್ನು ತಿಂಗಳ ಕೊನೆಯವರೆಗೆ ಒಳಗೆ ಬಿಡುವುದಿಲ್ಲವೆಂದಿತು. ಕೆಲವು ದಿವಸಗಳ ಮೇಲೆ, ರೋಗವು ಹೆಚ್ಚಾಗಿರುವ ಪ್ರಾಂತಗಳಿಂದ ಬಂದವರು ಏಳು ದಿವಸ ಸರಕಾರದ ಬಿಡಾರದಲ್ಲಿಯೂ ಮತ್ತೆ ಏಳು ದಿವಸ ಮನೆಯಲ್ಲಿಯೂ ಇರತಕ್ಕದ್ದೆಂದಿತು. ಬಿಡಾರಗಳೆಂದರೆ ಶಾಲೆಗಳು, ವಿದ್ಯಾರ್ಥಿನಿಲಯಗಳು. ಜೂನ್ 5ರಂದು ಇಡೀ ಕರ್ನಾಟಕದಲ್ಲಿ ಹೊಸದಾಗಿ 515 ಮಂದಿ ರೋಗಿಗಳಾದರೆ ಅವರಲ್ಲಿ 74 ಮಂದಿ ಯಾದಗಿರಿಯವರು. ಒಂದು ತಿಂಗಳ ಹಿಂದೆ ಸೊನ್ನೆಯಿದ್ದ ಕಡೆ ಈ ಅಂಕಿ.

ಈ ನಿಯಮಗಳು ಬೇಡವಾಗಿದ್ದುವೆಂದು ನಾವು ಹೇಳುವುದಿಲ್ಲ. ಏಳು ದಿವಸಗಳ ತಡೆಯು ಕೊಚ್ಚಿಯಲ್ಲಿಯೂ ಏಳು ದಿವಸವೇ ಆಗಿದ್ದಿತು. ಆದರೆ ಎರಡರ ನಡುವಣ ಅಂತರವನ್ನು ಮರೆಯಲಾಗದು. ಲಕ್ಷದ್ವೀಪದವನನ್ನು ತಡೆದುದು ಅವನ ಊರಿನಿಂದ ದೂರದಲ್ಲಿ, ಹೊರಡುವ ಮೊದಲು. ತಡೆ ಮುಗಿದೊಡನೆ ಊರು ಅವನನ್ನು ನಂಬಿ ಬರಮಾಡಿಕೊಂಡಿತು. ನಮ್ಮ ಸೀಮೆಯ ಕೂಲಿಯವನನ್ನು ತಡೆದುದು ಅವನದೇ ಊರಿನ ಶಾಲೆಯಲ್ಲಿ, ತನ್ನವರ ಕಣ್ಣೆದುರಿನಲ್ಲಿ. ಅವನು ಮಗ್ಗಿ ಕಲಿತ ಕೊಠಡಿಯಲ್ಲಿಯೇ ಅವನು ಪರಸ್ಥಳದವನಾದನು. ಅಲ್ಲಿ ಅವನಿಗೆ ಊಟವಿದ್ದಿತು. ಆದರೆ ಎರಡು ತಿಂಗಳ ಕೂಲಿಯನ್ನು ಕಳೆದುಕೊಂಡು ಬಂದವನ ಮನೆಯ ಒಲೆಯ ಮಾತನ್ನು ಯಾವ ನಿಯಮಾವಳಿಯೂ ಎತ್ತಲಿಲ್ಲ. ವೆಚ್ಚವನ್ನು ಯಾರು ಭರಿಸತಕ್ಕದ್ದು ಎಂಬ 1897ರ ಅರ್ಧ ವಾಕ್ಯದಲ್ಲಿ ಕೂಲಿಯು ಸೇರಿಲ್ಲ, 2020ರಲ್ಲಿಯೂ ಸೇರಲಿಲ್ಲ. ಶಾಲೆಯ ಕಿಟಕಿಯಿಂದ ರಾತ್ರಿ ಹೊರಬಿದ್ದು ಮನೆಗೆ ಹೋದವನನ್ನು ನಾವು ಬೇಜವಾಬ್ದಾರಿಯವನೆಂದು ಪಟ್ಟಣಗಳಲ್ಲಿ ಕುಳಿತು ಬೈದೆವು. ಅವನನ್ನು ಎಳೆದುದು ಏನೆಂಬುದು ರಗೂಸಾದವರಿಗೆ ತಿಳಿದಿದ್ದಿತು.

ಇತ್ತ ಹೊಳೆಯು ಯಾರ ನಿಯಮಾವಳಿಯನ್ನೂ ಓದುವುದಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ನಾರಾಯಣಪುರದಿಂದ ಲಕ್ಷಗಟ್ಟಲೆ ಕ್ಯೂಸೆಕ್ ನೀರು ಇಳಿದು ಬಂದಿತು. ಗಡ್ಡಿಗಳ ಜನರಿಗೆ ಸರಕಾರದ ತಡೆಯ ಮೇಲೆ ಕೃಷ್ಣೆಯ ತಡೆ. ಅಕ್ಟೋಬರಿನ ನಡುವೆ ಭೀಮೆಯೂ ಉಕ್ಕಿ ಯಾದಗಿರಿ, ಕಲಬುರಗಿ, ವಿಜಯಪುರ ಜಿಲ್ಲೆಗಳ ಊರುಗಳೊಳಕ್ಕೆ ನುಗ್ಗಿದಳು. ಜನರನ್ನು ಎತ್ತರಕ್ಕೆ ಸಾಗಿಸಬೇಕಾಯಿತು; ಕಾಳಜಿ ಕೇಂದ್ರಗಳೆಂಬ ಹೆಸರಿನಿಂದ ಮತ್ತೆ ಶಾಲೆಗಳ ಬಾಗಿಲು ತೆರೆಯಿತು. ಮೇ ತಿಂಗಳಲ್ಲಿ ಒಬ್ಬನನ್ನು ಇನ್ನೊಬ್ಬನಿಂದ ದೂರವಿರಿಸುವುದಕ್ಕೆಂದು ಗುಡಿಸಿ ಸಾರಿಸಿದ್ದ ಅಂಥವೇ ಕೊಠಡಿಗಳಲ್ಲಿ, ಐದು ತಿಂಗಳ ಮೇಲೆ, ಮುಳುಗಿದ ಊರುಗಳ ಸಂಸಾರಗಳು ಒಂದೇ ಜಮಖಾನದ ಮೇಲೆ ಮಗ್ಗುಲು ಮಗ್ಗುಲಾಗಿ ಮಲಗಿದುವು.